ಕೊಡತಿಗಳ ರಾಶಿ

ಹೊಳೆ ದಡದ ಕಲ್ಲುಮಂಟಪದಲ್ಲಿ ಗವಿಯಪ್ಪನವರು ಇದ್ದರು.

ಅವರನ್ನು ಯಾರೂ ಪಟ್ಟ ಕಟ್ಟಿ ಸ್ವಾಮಿ ಮಾಡಿರಲಿಲ್ಲ. ಐವತ್ತು ವರ್ಷ ಗಾರೆ ಕೆಲಸ ಮಾಡಿ, ಒಂದು ದಿನ ಕರಣೆ ತೊಳೆದಿಟ್ಟು ಬಂದು ಮಂಟಪದಲ್ಲಿ ಕೂತರು. ಆಮೇಲೆ ಮನೆಗೆ ಹೋಗಲೇ ಇಲ್ಲ. ಜನ ಬಂದು ಕೈ ಮುಗಿಯಲು ಶುರುಮಾಡಿದರು. ‘ನಾನು ಸುಣ್ಣ ಕಲಸೋನು ಕಣ್ರಪ್ಪ, ಸ್ವಾಮಿ ಅಲ್ಲ’ ಎಂದರೂ ಬಿಡಲಿಲ್ಲ. ಕೊನೆಗೆ ಅವರೇ ಸುಸ್ತಾಗಿ ಸುಮ್ಮನಾದರು.

ಅವರ ಶಿಷ್ಯ ಮುದ್ದಯ್ಯ. ಊರಿನ ಗಾರೆಯವರ ಸಂಘಕ್ಕೆ ಮೇಸ್ತ್ರಿ. ಸುಣ್ಣವನ್ನು ಎರಡು ಬೆರಳ ನಡುವೆ ಉಜ್ಜಿ, ಅದು ಎಷ್ಟು ದಿನ ನೆನೆದದ್ದು ಎಂದು ಹೇಳಬಲ್ಲವನು. ಹೇಳದೆ ಇರಲಾರದವನು ಕೂಡ.

ಒಂದು ಬೆಳಿಗ್ಗೆ ಅವನು ಜೇಬಿನಲ್ಲಿ ಸರ್ಕಾರದ ಕಾಗದ ಇಟ್ಟುಕೊಂಡು ಮಂಟಪಕ್ಕೆ ಬಂದ. ಅಡ್ಡಬಿದ್ದ. ಎದ್ದು ಕೂತ. ಜೇಬು ಮುಟ್ಟಿ ನೋಡಿಕೊಂಡ.

ಗವಿಯಪ್ಪನವರು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು.

“ಜೇಬು ಭಾರ ಆದಂಗೈತೆ,” ಎಂದರು.

“ಪೇಟೆ ಛತ್ರದ ತಾರಸಿ, ಬುದ್ಧಿ. ಪೂರಾ ಕಿತ್ತು ಹೊಸದಾಗಿ ಹಾಕ್ಬೇಕಂತೆ. ಸಿಮೆಂಟು ಬೇಡವಂತೆ. ಹಳೇ ಕಾಲದಂಗೆ ಗಾರೆಯಲ್ಲೇ ಆಗ್ಬೇಕಂತೆ. ಗುತ್ತಿಗೆ ನಮ್ಮ ಸಂಘಕ್ಕೇ ಕೊಟ್ಟವ್ರೆ.”

“ಒಳ್ಳೇದಾಯ್ತಲ್ಲ.”

“ಒಳ್ಳೇದೇ. ಆದ್ರೆ ಇಂಜಿನಿಯರ್ ಸಾಹೇಬ್ರು ಒಂದ್ಮಾತು ಹೇಳವ್ರೆ. ಮಳೆ ಹಿಡಿಯೋದ್ರೊಳಗೆ ಮುಗೀಬೇಕು. ಮುಗಿದ್ಮೇಲೆ ತಾರಸಿ ಮೇಲೆ ನೀರು ನಿಲ್ಲಿಸಿ ನೋಡ್ತಾರಂತೆ. ಒಂದು ಹನಿ ಸೋರಿದ್ರೂ ಇನ್ನು ಈ ಕಡೆ ಹಳೇ ಕಟ್ಟಡಕ್ಕೆಲ್ಲಾ ಸಿಮೆಂಟೇ. ಗಾರೆ ಅನ್ನೋ ಮಾತೇ ಎತ್ತಂಗಿಲ್ಲ.”

“ಸೋರದಂಗೆ ಮಾಡು.”

“ನನ್ನ ಸಂಕಟ ಅದಲ್ಲ ಬುದ್ಧಿ. ಕೆಲಸಗಾರರ ಪಟ್ಟಿ ಬರ್ದು ಕೊಡ್ಬೇಕು. ಅದು ನನ್ನ ಕೈಲೈತೆ.”

ಸಂಕಟ ನಿಜವಾದದ್ದೇ. ಊರಿನಲ್ಲಿ ಗಾರೆ ಕೆಲಸ ಬಲ್ಲವರು ನಲವತ್ತಮೂರು ಜನ. ಸಿಮೆಂಟು ಬಂದು ಮನೆ ಕಟ್ಟುವವರೆಲ್ಲ ಅದರ ಹಿಂದೆ ಹೋದಮೇಲೆ ಉಳಿದದ್ದು ಸರ್ಕಾರದ ಹಳೇ ಕಟ್ಟಡಗಳ ರಿಪೇರಿ ಮಾತ್ರ. ಅದರ ಪಟ್ಟಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಅದೇ ಹದಿಮೂರು ಹೆಸರು. ಮೊದಲನೆಯದು ಮುದ್ದಯ್ಯನದು.

ಉಳಿದ ಮೂವತ್ತು ಜನ, ಗಂಡಸರೂ ಹೆಂಗಸರೂ, ಕೆಲಸವಿಲ್ಲದೆ ಚೆಲ್ಲಾಪಿಲ್ಲಿಯಾಗಿದ್ದರು. ಒಬ್ಬ ಕೊಡೆ ರಿಪೇರಿ ಮಾಡುತ್ತಿದ್ದ. ಒಬ್ಬಳು ಸೊಪ್ಪು ಮಾರುತ್ತಿದ್ದಳು. ಹೆಚ್ಚಿನವರು ಬೆಳಿಗ್ಗೆ ಬಸ್ ಸ್ಟ್ಯಾಂಡ್ ಮುಂದೆ ನಿಂತು, ಯಾರಾದರೂ ಕರೆಯುತ್ತಾರೇನೋ ಎಂದು ಕಾದು, ಬಿಸಿಲೇರಿದ ಮೇಲೆ ಮನೆ ಕಡೆ ಹೊರಡುತ್ತಿದ್ದರು.

“ಹದಿಮೂರು ಜನಾನೇ ಬರೆದ್ರೆ ನಮಗೆ ಮೂರು ತಿಂಗಳು ಕೆಲಸ,” ಎಂದ ಮುದ್ದಯ್ಯ. “ನಲವತ್ತಮೂರೂ ಬರೆದ್ರೆ ಮೂರು ವಾರಕ್ಕೆ ಮುಗೀತದೆ. ಆಮೇಲೆ ಎಲ್ಲಾರೂ ಬಸ್ ಸ್ಟ್ಯಾಂಡಿಗೇ. ನನ್ನ ಜೊತೆಗಿರೋ ಹನ್ನೆರಡು ಜನ ನನ್ನ ನಂಬಿ ಬಂದೋರು. ಎಂಥಾ ಕೆಟ್ಟ ಕಾಲದಲ್ಲೂ ಕೈ ಬಿಡ್ಲಿಲ್ಲ. ಯಾರನ್ನ ಬರೀಲಿ ಬುದ್ಧಿ?”

ಗವಿಯಪ್ಪನವರು ಕೈಯಲ್ಲಿದ್ದ ಹುಣಸೆಬೀಜ ಬದಿಗಿಟ್ಟರು.

“ನಿನ್ನ ಕೊಡತಿ ಎಲ್ಲಿ?”

ಮುದ್ದಯ್ಯ ಚೀಲದಿಂದ ಕೊಡತಿ ತೆಗೆದ. ತಾರಸಿಗೆ ಹಾಸಿದ ಗಾರೆಯನ್ನು ಬಡಿದು ಬಿಗಿಮಾಡುವ ಮರದ ಬಡಿಗೆ ಅದು. ಹಿಡಿಯಲ್ಲಿ ಅವನ ಬೆರಳುಗಳ ಗುರುತು ಬಿದ್ದು ಹೊಳೆಯುತ್ತಿತ್ತು. ಮದುವೆಗೆ ಹೋದರೂ ಅದನ್ನು ಬಿಟ್ಟು ಹೋಗುವವನಲ್ಲ.

“ಯಾರದಿದು?”

“ನಂದೇ ಬುದ್ಧಿ.”

“ನಿಂದಾಗೋಕ್ಮುಂಚೆ?”

“ರಾಶಿಯಿಂದ ತಗೊಂಡಿದ್ದು. ನಾನು ಮೊದಲನೇ ಸಲ ನಿಮ್ಮ ಹತ್ರ ಬರಿಗೈಲಿ ಬಂದೆನಲ್ಲ, ಆವತ್ತು.”

“ಯಾರದು ಅಂತ ಕೇಳಿದ್ಯಾ?”

“ಕೇಳಂಗಿರ್ಲಿಲ್ವಲ್ಲ ಬುದ್ಧಿ.”

ಗವಿಯಪ್ಪನವರ ಕಾಲದಲ್ಲಿ ಪದ್ಧತಿ ಹಾಗಿತ್ತು. ತಾರಸಿ ಬಡಿಯುವ ಮೊದಲ ದಿನ ಎಲ್ಲರೂ ತಮ್ಮ ತಮ್ಮ ಕೊಡತಿಗಳನ್ನು ಒಂದೇ ರಾಶಿ ಹಾಕಬೇಕು. ಆಮೇಲೆ ಒಬ್ಬೊಬ್ಬರಾಗಿ ಬಂದು, ಮುಖ ತಿರುಗಿಸಿ, ಕೈಗೆ ಸಿಕ್ಕಿದ್ದನ್ನು ಎತ್ತಿಕೊಳ್ಳಬೇಕು. ಯಾರದು ಎಂದು ಕೇಳುವ ಹಾಗಿಲ್ಲ. ಕೊಡತಿ ತಂದವನಿಗೂ ಒಂದು, ತರದೆ ಬಂದವನಿಗೂ ಒಂದು.

ದೊಡ್ಡ ತಾರಸಿಗಳ ಕೆಲಸ ನಿಂತು ಬರೀ ತೇಪೆ ಕೆಲಸ ಉಳಿದಮೇಲೆ ಆ ಪದ್ಧತಿ ತಾನಾಗಿ ಬಿಟ್ಟುಹೋಗಿತ್ತು. ಬಿಟ್ಟುಹೋದದ್ದು ಯಾರಿಗೂ ಗೊತ್ತಾಗಿರಲಿಲ್ಲ.

“ಯಾರನ್ನ ಬರೀಲಿ ಅಂದೆ,” ಎಂದು ಮುದ್ದಯ್ಯ ಮತ್ತೆ ಕೇಳಿದ.

ಗವಿಯಪ್ಪನವರು ಮಂಟಪದ ಮುಂದಿನ ಜಗಲಿ ತೋರಿಸಿದರು. ಅದರ ಉದ್ದಕ್ಕೂ ಆಗಷ್ಟೇ ಹಸಿ ಗಾರೆ ಹಾಸಿತ್ತು.

“ಬಡಿ. ಒಬ್ಬನೇ ಬಡಿ. ಸಂಜೆಯೊಳಗೆ ಮುಗಿಸು.”

ಮುದ್ದಯ್ಯ ಪಂಚೆ ಎತ್ತಿಕಟ್ಟಿ ಕುಕ್ಕರುಗಾಲಲ್ಲಿ ಕೂತ. ಬಡಿಯಲು ಶುರುಮಾಡಿದ. ಕೈ ಪಳಗಿದ ಕೈ. ಒಂದು ಪೆಟ್ಟಿನ ಮಗ್ಗುಲಿಗೇ ಇನ್ನೊಂದು ಪೆಟ್ಟು. ಗುರು ನೋಡುತ್ತಿದ್ದಾರೆಂದು ತಿಳಿದು ಸ್ವಲ್ಪ ಜೋರಾಗಿಯೇ ಬಡಿದ. ಗುರುಗಳು ಹುಣಸೆಹಣ್ಣು ಬಿಟ್ಟು ಆ ಕಡೆ ತಲೆಯೆತ್ತಲೇ ಇಲ್ಲ.

ಈ ತುದಿಯಿಂದ ಆ ತುದಿಗೆ ಬರುವ ಹೊತ್ತಿಗೆ ಸೂರ್ಯ ಹೊಳೆಯಾಚೆಗೆ ಇಳಿದಿದ್ದ. ಆ ತುದಿಯ ಗಾರೆ ಇಡೀ ದಿನದ ಬಿಸಿಲಿಗೆ ಒಣಗಿತ್ತು. ಕೊಡತಿ ಬಿದ್ದಕೂಡಲೇ ಕೂದಲೆಳೆಯಂಥ ಒಂದು ಬಿರುಕು ಓಡಿತು.

ಮುದ್ದಯ್ಯ ಅತ್ತಿತ್ತ ನೋಡಿದ. ಅಂಗೈ ಒದ್ದೆಮಾಡಿಕೊಂಡು, ಒಂದಿಷ್ಟು ಸುಣ್ಣದ ನೀರು ಸವರಿ, ಬಿರುಕನ್ನು ಒರೆಸಿಬಿಟ್ಟ. ಕಣ್ಣಿಗೆ ಕಾಣದಂತಾಯಿತು.

“ಮುಗೀತು ಬುದ್ಧಿ. ಅರ್ಥಾನೂ ಆಯ್ತು.”

“ಏನು ಅರ್ಥ ಆಯ್ತು?”

“ಒಬ್ಬನೇ ಇಷ್ಟುದ್ದ ಬಡಿದೆ. ಕೈ ಸೋಲ್ಲಿಲ್ಲ. ಕೆಲಸ ಗೊತ್ತಿರೋ ಕೈ ಇದ್ರೆ ಸಾಕು, ಜನ ಜಾಸ್ತಿ ಬೇಕಿಲ್ಲ. ನೀವು ತೋರಿಸಿದ್ದು ಅದೇ ಅಲ್ವಾ?”

ಗವಿಯಪ್ಪನವರು ಅವನ ಮುಖವನ್ನೇ ಒಂದು ಗಳಿಗೆ ನೋಡಿದರು.

“ಅರ್ಥ ಆಗಿದ್ರೆ ಹೋಗಪ್ಪ,” ಎಂದರು.

ಮುದ್ದಯ್ಯ ಹಿಗ್ಗಿ ಹೋದ. ದಾರಿಯಲ್ಲೇ ಮನಸ್ಸಿನಲ್ಲಿ ಹದಿಮೂರು ಹೆಸರು ಬರೆದ. ಮರುದಿನ ಕಾಗದದ ಮೇಲೆ ಬರೆದು ಕೊಟ್ಟ.

ಕೆಲಸ ಶುರುವಾಗುವ ದಿನ ಛತ್ರದ ಬಾಗಿಲಲ್ಲಿ ಒಬ್ಬ ನಿಂತಿದ್ದ. ಹೆಸರು ಕರಿಸಿದ್ದ. ಮೂವತ್ತು ಜನರಲ್ಲಿ ಅವನೂ ಒಬ್ಬ. ಅವನಪ್ಪ, ತಾತ ಎಲ್ಲ ಗಾರೆಯವರೇ. ಕೊಡೆ ರಿಪೇರಿ ಮಾಡುತ್ತಿದ್ದವನು ಅವನೇ.

“ಮುದ್ದಣ್ಣ, ಪಟ್ಟೀಲಿ ನಮ್ಮೆಸರಿಲ್ವಂತೆ?”

“ನೀವು ಕೆಲಸ ಬಿಟ್ಟು ಎಷ್ಟು ವರ್ಷ ಆಯ್ತೋ ಸಿದ್ದ. ಕೈ ಮರ್ತಿರ್ತದೆ.”

“ನಾವು ಬಿಡ್ಲಿಲ್ಲಣ್ಣ. ಕೆಲಸಾನೇ ನಮ್ಮನ್ನ ಬಿಡ್ತು.”

“ಸಂಘದ ದುಡ್ಡಲ್ಲಿ ಅಷ್ಟೋ ಇಷ್ಟೋ ಸಹಾಯ ಮಾಡಿಸ್ತೀನಿ ಬಿಡು.”

ಕರಿಸಿದ್ದ ಒಂದು ಹೆಜ್ಜೆ ಹಿಂದೆ ಸರಿದ.

“ಭಿಕ್ಷೆ ಕೇಳೋಕೆ ಬಂದಿಲ್ಲಣ್ಣ ನಾನು. ಕೊಡತಿ ಕೇಳೋಕೆ ಬಂದಿದ್ದೆ.”

ಅಷ್ಟು ಹೇಳಿ ಹೊರಟುಹೋದ. ಮುದ್ದಯ್ಯ ಅವನು ಹೋದ ಕಡೆಗೇ ನೋಡಿದ. ಆದರೆ ಮೇಲೆ ಹನ್ನೆರಡು ಜನ ಕಾಯುತ್ತಿದ್ದರು. ಅವನು ಏಣಿ ಹತ್ತಿದ.

ಛತ್ರದ ತಾರಸಿ ಸಣ್ಣದಲ್ಲ. ಈ ಮೂಲೆಯಲ್ಲಿ ನಿಂತು ಕೂಗಿದರೆ ಆ ಮೂಲೆಗೆ ಅರ್ಧ ಮಾತು ಮಾತ್ರ ಕೇಳುವಂಥದ್ದು. ಸುಣ್ಣ, ಮರಳು, ಇಟ್ಟಿಗೆ ಚೂರು ಕಲಸಿ ಗೇಣು ದಪ್ಪಕ್ಕೆ ಹಾಸಬೇಕು. ಬೆಲ್ಲದ ನೀರು, ಅಳಲೆಕಾಯಿ ನೀರು ಚಿಮುಕಿಸುತ್ತಾ, ಹಸಿ ಇರುವಾಗಲೇ, ನಿಲ್ಲಿಸದೆ ಬಡಿಯಬೇಕು.

“ನಾಕು ಪಟ್ಟೆ ಮಾಡ್ಕೊಳ್ಳೋಣ,” ಎಂದ ಮುದ್ದಯ್ಯ. “ಒಂದು ಪಟ್ಟೆ ಹಾಸಿ ಬಡಿಯೋಣ. ಅದು ಗಟ್ಟಿಯಾದ್ಮೇಲೆ ಪಕ್ಕದ್ದು.”

ಹದಿಮೂರು ಜನರಲ್ಲಿ ಹಿರಿಯ ಬೆಟ್ಟಯ್ಯ. ಅವನು ತಲೆ ಕೆರೆದುಕೊಂಡ.

“ಸಂದು ಬೀಳ್ತದಲ್ಲ ಮೇಸ್ತ್ರಿ?”

“ಸಂದನ್ನ ನಾನೇ ಕೂಡಿಸ್ತೀನಿ.”

ಮೊದಲ ಪಟ್ಟೆ ಮುಗಿಯಿತು. ಎರಡನೆಯದೂ ಮುಗಿಯಿತು. ಎರಡೂ ಕೂಡುವ ಕಡೆ ಮುದ್ದಯ್ಯ ಇಡೀ ದಿನ ಕೂತು ತನ್ನ ವಿದ್ಯೆಯನ್ನೆಲ್ಲ ಸುರಿದ. ಉಗುರಿಟ್ಟು ಹುಡುಕಿದರೂ ಸಂದು ಸಿಗುತ್ತಿರಲಿಲ್ಲ. ಕೈ ಸೊಂಟದ ಮೇಲಿಟ್ಟುಕೊಂಡು ನಿಂತು ನೋಡಿ ತಾನೇ ಮೆಚ್ಚಿಕೊಂಡ.

ಆಗ ಏಣಿಯ ಸದ್ದಾಯಿತು. ಒಂದೊಂದೇ ಮೆಟ್ಟಿಲು ಹತ್ತಿಕೊಂಡು ಗವಿಯಪ್ಪನವರು ಮೇಲೆ ಬಂದರು. ಮಂಟಪ ಬಿಟ್ಟು ಅವರು ಪೇಟೆಗೆ ಬಂದದ್ದು ಎಷ್ಟೋ ವರ್ಷದ ಮೇಲೆ. ಕೂತಿದ್ದವರೆಲ್ಲ ಎದ್ದುನಿಂತರು.

ಅವರು ಬರಿಗಾಲಲ್ಲಿ ಎರಡು ಪಟ್ಟೆಗಳ ಮೇಲೂ ನಡೆದರು.

“ಒಂದು ಬಿಂದಿಗೆ ನೀರು ತನ್ನಿ,” ಎಂದರು.

ಬೆಟ್ಟಯ್ಯ ತಂದುಕೊಟ್ಟ. ಅವರು ಸಂದು ಇದ್ದ ಜಾಗಕ್ಕೆ ನೇರವಾಗಿ ಸುರಿದರು. ಕಣ್ಣಿಗೆ ಕಾಣದ ಸಂದು ಅವರ ಕಾಲಿಗೆ ಸಿಕ್ಕಿತ್ತು. ನೀರು ಹರಿದುಹೋಗದಂತೆ ಸುತ್ತ ಮಣ್ಣಿನ ಕಟ್ಟೆ ಕಟ್ಟಿಸಿದರು. ಆಮೇಲೆ ಏಣಿ ಇಳಿದು, ಛತ್ರದ ಒಳಗೆ ಹೋಗಿ, ಸರಿಯಾಗಿ ಅದರ ಕೆಳಗೆ ನೆಲದ ಮೇಲೆ ಕೂತರು. ಅಂಗೈ ಚಾಚಿಕೊಂಡರು.

ಮುದ್ದಯ್ಯ ಎದುರು ನಿಂತ. ಒಂದು ಗಂಟೆ ಕಳೆಯಿತು. ಎರಡು ಗಂಟೆ ಕಳೆಯಿತು. ಮುದ್ದಯ್ಯನ ಮುಖದಲ್ಲಿ ನಗು ಮೂಡಲು ಶುರುವಾಗಿತ್ತು.

ಗುರುಗಳ ಅಂಗೈ ಮೇಲೆ ಒಂದು ಹನಿ ಬಿತ್ತು.

ಅವರು ಕೈಯನ್ನು ಮುದ್ದಯ್ಯನ ಮುಂದೆ ಹಿಡಿದರು. ಅವನು ಅಲ್ಲೇ ಕೂತ.

“ಜಗಲೀಲೂ ಬಿರುಕು ಬಿಟ್ಟಿತ್ತು ಬುದ್ಧಿ,” ಎಂದ. “ನಾನು ಒರೆಸಿಬಿಟ್ಟೆ.”

“ಗೊತ್ತು.”

“ಗೊತ್ತಿದ್ದೂ ಹೋಗು ಅಂದ್ರಾ?”

“ಅರ್ಥ ಆಯ್ತು ಅಂದೆಯಲ್ಲ. ಅರ್ಥ ಆದೋನಿಗೆ ಏನು ಹೇಳ್ಲಿ?”

ಮುದ್ದಯ್ಯ ಚಾವಣಿಯ ಒದ್ದೆ ಗುರುತನ್ನು ನೋಡಿದ.

“ಇಪ್ಪತ್ತೆರಡು ವರ್ಷ ಏನು ಕೆಲಸ ಮಾಡಿದ್ರಿ?” ಎಂದು ಗವಿಯಪ್ಪನವರು ಕೇಳಿದರು.

“ತೇಪೆ, ಬುದ್ಧಿ.”

“ತೇಪೆಗೆ ಎಷ್ಟು ಜನ ಬೇಕು?”

“ಹದಿಮೂರು ಸಾಕು.”

“ನೀನು ಮೊದಲನೇ ಸಲ ನನ್ನ ಜೊತೆ ಬಡಿದಿದ್ದು ತೇಪೆಯಾ?”

“ಅಲ್ಲ. ಪೂರಾ ತಾರಸಿ. ಕಾಲುವೆ ಬಂಗಲೇದು.”

“ಆವತ್ತು ಸಾಲಲ್ಲಿ ಎಷ್ಟು ಜನ ಕೂತಿದ್ರು?”

ಮುದ್ದಯ್ಯ ಕಣ್ಣು ಮುಚ್ಚಿದ. ಈ ಗೋಡೆಯಿಂದ ಆ ಗೋಡೆಯವರೆಗೆ ಕೂತಿದ್ದ ಸಾಲು ಕಣ್ಣಿಗೆ ಬಂತು. ಒಟ್ಟಿಗೆ ಏಳುವ ಕೊಡತಿಗಳು, ಒಟ್ಟಿಗೆ ಬೀಳುವ ಕೊಡತಿಗಳು. ಸಾಲಿಗೆ ಸಂದೇ ಇರಲಿಲ್ಲ. ತಾರಸಿಗೂ ಇರಲಿಲ್ಲ. ನಡುವೆ ಎಲ್ಲೋ ಬರಿಗೈಲಿ ಬಂದಿದ್ದ ತಾನು, ಕೈಯಲ್ಲಿ ಯಾರದೋ ಕೊಡತಿ.

ಅವನು ಎದ್ದ. ಗುರುಗಳ ಒದ್ದೆ ಅಂಗೈಯನ್ನು ತನ್ನ ಟವೆಲಿನಿಂದ ಒರೆಸಿದ. ನೇರ ಇಂಜಿನಿಯರ್ ಕಚೇರಿಗೆ ಹೋದ.

“ನನ್ನ ಪಟ್ಟಿ ತಪ್ಪಾಗೈತೆ ಸಾರ್. ಹಾಸಿದ್ದನ್ನ ಕಿತ್ತಾಕ್ತೀನಿ. ನಲವತ್ತಮೂರು ಜನರ ಪಟ್ಟಿ ಕೊಡ್ತೀನಿ.”

ಇಂಜಿನಿಯರ್ ಅವನನ್ನು ಮೇಲಿಂದ ಕೆಳಗೆ ನೋಡಿದರು.

“ಕೊಡಪ್ಪ. ಆದ್ರೆ ಸೋರಿದ್ರೆ ಮೊದಲು ಹೋಗೋ ಹೆಸರು ನಿಂದೇ.”

“ಹೋಗ್ಲಿ ಸಾರ್.”

ಅದು ಸುಲಭದ್ದಾಗಿತ್ತು. ಕಷ್ಟದ್ದು ಛತ್ರದಲ್ಲಿ ಕಾದಿತ್ತು. ಬೆಟ್ಟಯ್ಯ ಕೊಡತಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ.

“ಇಪ್ಪತ್ತೆರಡು ವರ್ಷ ನಿನ್ನ ಹಿಂದೆ ಬಂದ್ವಿ ಮುದ್ದಯ್ಯ. ಈಗ ನಮ್ಮ ತಟ್ಟೆಗೇ ಕೈ ಹಾಕ್ತೀಯಾ?”

“ಹೌದು ಬೆಟ್ಟಣ್ಣ.”

ಬೆಟ್ಟಯ್ಯ ಈ ಉತ್ತರವನ್ನು ನಿರೀಕ್ಷಿಸಿರಲಿಲ್ಲ.

“ಈ ತಾರಸಿ ಸೋರಿದ್ರೆ ತಟ್ಟೆಯೇ ಇರಲ್ಲ,” ಎಂದ ಮುದ್ದಯ್ಯ. “ನಮಗೂ ಇಲ್ಲ, ಅವರಿಗೂ ಇಲ್ಲ. ಸಂದನ್ನ ನಾನು ಕೂಡಿಸ್ತೀನಿ ಅಂದೆ. ನನ್ನ ಕೈಲಾಗ್ಲಿಲ್ಲ. ಯಾರ ಕೈಲೂ ಆಗಲ್ಲ. ಸಂದೇ ಇರಬಾರದು, ಅಷ್ಟೇ.”

ಮುದ್ದಯ್ಯ ಹೊರಟ.

ಕರಿಸಿದ್ದ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಮುರಿದ ಕೊಡೆಯ ಕಡ್ಡಿ ನೆಟ್ಟಗೆ ಮಾಡುತ್ತಿದ್ದ. ಮುದ್ದಯ್ಯನನ್ನು ನೋಡಿದರೂ ನೋಡದವನಂತೆ ಇದ್ದ. ಮುದ್ದಯ್ಯ ಎಲ್ಲರೆದುರಿಗೆ ಅವನ ಮುಂದೆ ನೆಲದ ಮೇಲೆ ಕೂತ. ಮೇಸ್ತ್ರಿ ಹಾಗೆ ಕೂತದ್ದನ್ನು ಊರು ನೋಡಿರಲಿಲ್ಲ.

“ಸಿದ್ದ, ತಪ್ಪಾಯ್ತು ಕಣಪ್ಪ. ಕೆಲಸಕ್ಕೆ ಬಾ. ಎಲ್ಲಾರನ್ನೂ ಕರ್ಕೊಂಡು ಬಾ.”

“ಕೈ ಮರ್ತಿರ್ತದೆ ಅಂದೆಯಲ್ಲಣ್ಣ?”

“ನನ್ನ ಕೈಯೇ ಮರ್ತಿತ್ತು. ಪೂರಾ ತಾರಸಿ ಬಡಿಯೋದು ಹೆಂಗೆ ಅಂತ.”

ಕರಿಸಿದ್ದ ಕೊಡೆ ಕೆಳಗಿಟ್ಟ.

“ಬರ್ತೀವಿ. ಆದ್ರೆ ನಮ್ಮ ಯಾರ ಹತ್ರಾನೂ ಕೊಡತಿ ಇಲ್ಲಣ್ಣ.”

“ಏನಾಯ್ತು?”

“ಒಲೆಗೆ ಹೋಯ್ತು. ಒಂದು ಮಳೆಗಾಲ ಸೌದೆ ಇರ್ಲಿಲ್ಲ. ಅಪ್ಪಂದು, ತಾತಂದು, ಎಲ್ಲಾ ಹೋಯ್ತು.”

ಗಾರೆಯವನು ಕೊಡತಿಯನ್ನು ಒಲೆಗೆ ಹಾಕುವುದೆಂದರೆ ಏನು ಎಂದು ಮುದ್ದಯ್ಯನಿಗೆ ಗೊತ್ತಿತ್ತು.

ಅವನು ಮಂಟಪಕ್ಕೆ ಓಡಿದ.

“ಮೂವತ್ತು ಕೊಡತಿ ಬೇಕು ಬುದ್ಧಿ. ಹೊಸದು ಮಾಡಿಸೋಕೆ ಟೈಮಿಲ್ಲ. ಹಸಿ ಮರ ಆದ್ರೆ ಬಿರುಕು ಬಿಡ್ತದೆ. ಏನು ಮಾಡ್ಲಿ?”

ಗವಿಯಪ್ಪನವರು ಒಳಗೆ ಹೋದರು. ಚೀಲದಿಂದ ತಮ್ಮ ಕೊಡತಿ ತೆಗೆದು ತಂದರು. ಅದನ್ನು ಮುದ್ದಯ್ಯನ ಕೈಗೆ ಕೊಡಲಿಲ್ಲ. ಅವನ ಮುಂದೆ ನೆಲದ ಮೇಲೆ ಹಾಕಿದರು.

ಮುದ್ದಯ್ಯ ಅದನ್ನು ನೋಡಿದ. ತನ್ನ ಕೊಡತಿಯನ್ನು ಚೀಲದಿಂದ ತೆಗೆದ. ಬೆರಳುಗಳು ಹಿಡಿಯ ಗುರುತುಗಳಲ್ಲಿ ತಾವಾಗಿ ಕೂತವು. ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದ. ಆಮೇಲೆ ಅದರ ಪಕ್ಕಕ್ಕೆ ಹಾಕಿದ.

ಮರುದಿನ ಬೆಳಿಗ್ಗೆ ಛತ್ರದ ಅಂಗಳದಲ್ಲಿ ಎರಡು ಕೊಡತಿಗಳು ಬಿದ್ದಿದ್ದವು. ಒಂದು ಕಡೆ ಮೂವತ್ತು ಜನ ನಿಂತಿದ್ದರು, ಒಂದು ಕಡೆ ಹನ್ನೆರಡು. ನಡುವೆ ಮುದ್ದಯ್ಯ.

ಹದಿಮೂರು ಜನರ ಮನೆಗಳಲ್ಲಿ ಕೊಡತಿಗಳಿಗೆ ಬರವಿರಲಿಲ್ಲ. ಕೆಲಸ ಇದ್ದ ಮನೆಗಳು ಅವು. ಅಪ್ಪಂದಿರದು, ಮಾವಂದಿರದು, ಅಟ್ಟದ ಮೇಲೆ ಸಾಲಾಗಿ ಇದ್ದವು. ಆದರೆ ಅವನ್ನು ಕೊಡುವುದೆಂದರೆ ಮನೆ ಹಿರಿಯರನ್ನು ಕೊಟ್ಟಹಾಗೆ.

ಬೆಟ್ಟಯ್ಯ ಇದ್ದಕ್ಕಿದ್ದಂತೆ ತಿರುಗಿ ಹೊರಟುಹೋದ.

‘ಮುಗೀತು’ ಎಂದುಕೊಂಡ ಮುದ್ದಯ್ಯ.

ಬೆಟ್ಟಯ್ಯ ಬಂದಾಗ ಹೆಗಲ ಮೇಲೆ ಗೋಣಿಚೀಲ ಇತ್ತು. ರಾಶಿಯ ಹತ್ತಿರ ಬಂದು ಚೀಲ ಬಗ್ಗಿಸಿದ. ಐದು ಕೊಡತಿಗಳು ಉರುಳಿದವು. ಆರನೆಯದು ಅವನ ಕೈಯಲ್ಲಿತ್ತು, ಅವನದೇ. ಅದನ್ನು ಒಮ್ಮೆ ಪಂಚೆಯ ಸೆರಗಿನಿಂದ ಒರೆಸಿ, ಅದನ್ನೂ ಹಾಕಿದ.

“ಏನು ನೋಡ್ತೀರಿ?” ಎಂದು ತನ್ನವರ ಮೇಲೆ ರೇಗಿದ. “ನಿಮ್ಮ ಅಟ್ಟದಲ್ಲಿ ಏನು ಮೊಟ್ಟೆ ಇಡ್ತಾವಾ ಅವು?”

ಯಾರೋ ನಕ್ಕರು. ಇನ್ನೊಬ್ಬ ಮನೆ ಕಡೆ ಹೊರಟ. ಮತ್ತೊಬ್ಬ ಹೊರಟ. ಬಿಸಿಲು ಅಂಗಳಕ್ಕೆ ಬರುವ ಹೊತ್ತಿಗೆ ರಾಶಿ ಮೊಣಕಾಲೆತ್ತರಕ್ಕೆ ಬೆಳೆದಿತ್ತು.

ಒಬ್ಬೊಬ್ಬರಾಗಿ ಬಂದರು. ಮುಖ ತಿರುಗಿಸಿದರು. ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡರು. ಬೆಟ್ಟಯ್ಯನ ಕೊಡತಿ ಕರಿಸಿದ್ದನ ಕೈಗೆ ಬಂತು. ಅದು ಯಾರದೆಂದು ಕರಿಸಿದ್ದನಿಗೆ ಗೊತ್ತಾಗಲಿಲ್ಲ. ಬೆಟ್ಟಯ್ಯನಿಗೆ ಗೊತ್ತಾಯಿತು. ಅವನು ಹೇಳಲಿಲ್ಲ. ಹತ್ತಿರ ಹೋಗಿ ಇಷ್ಟೇ ಅಂದ:

“ಹಿಡೀನ ಇನ್ನೊಂಚೂರು ಹಿಂದಕ್ಕೆ ಹಿಡಿ. ತೂಕ ಅದೇ ಹೊತ್ಕೊಳ್ತದೆ.”

ಮುದ್ದಯ್ಯ ಕೊನೆಗೆ ಎತ್ತಿಕೊಂಡ. ಸಿಕ್ಕಿದ್ದು ಯಾರದೋ. ಕೈಗೆ ಹೊಸದಾಗಿತ್ತು.

ಆಮೇಲೆ ನಡೆದದ್ದನ್ನು ಆ ಊರಿನವರು ಈಗಲೂ ಎದೆಯುಬ್ಬಿಸಿ ಹೇಳುತ್ತಾರೆ. ಹೇಳಲಿ, ಹೇಳುವಂಥದ್ದೇ.

ಬಡಿದಿದ್ದ ಎರಡು ಪಟ್ಟೆಗಳನ್ನು ಕಿತ್ತು, ಇಡೀ ತಾರಸಿಗೆ ಒಟ್ಟಿಗೇ ಗಾರೆ ಹಾಸಿದರು. ಒಂದು ಗೋಡೆಯಿಂದ ಇನ್ನೊಂದು ಗೋಡೆಯವರೆಗೆ ಒಂದೇ ಸಾಲು. ಪಟ್ಟಿಯ ಹಳಬರ ಪಕ್ಕ ಪಟ್ಟಿಗೆ ಹೊಸಬರು, ಹೊಸಬರ ಪಕ್ಕ ಹಳಬರು. ಕರಿಸಿದ್ದನ ಹೆಂಡತಿ ಪುಟ್ಟತಾಯಿ ಪದ ಎತ್ತಿಕೊಟ್ಟಳು. ಉಳಿದವರು ಸೊಲ್ಲು ಹಿಡಿದರು. ಸೊಲ್ಲಿಗೊಂದು ಪೆಟ್ಟು. ನಲವತ್ತಮೂರು ಕೊಡತಿಗಳು ಒಟ್ಟಿಗೆ ಎದ್ದು ಒಟ್ಟಿಗೆ ಬೀಳುತ್ತಿದ್ದವು. ಆ ಸದ್ದಿಗೆ ಪೇಟೆಯ ಅಂಗಡಿಯವರು ಹೊರಗೆ ಬಂದು ನಿಂತರು. ಹೊಳೆಯಾಚೆ ಬಟ್ಟೆ ಒಗೆಯುತ್ತಿದ್ದವರಿಗೂ ಕೇಳಿತಂತೆ.

ಮೊದಲ ದಿನ ಹೊಸಬರ ಕೈಗಳಲ್ಲಿ ಬೊಕ್ಕೆ ಎದ್ದವು. ಎರಡನೆಯ ದಿನ ಒಡೆದವು. ಮೂರನೆಯ ದಿನ ಕೈಗಳಿಗೆ ಹಳೆಯದೆಲ್ಲ ನೆನಪಾಯಿತು. ಐದನೆಯ ದಿನ ಕೊಡತಿ ಬಿದ್ದಲ್ಲಿ ಗುರುತು ಬೀಳಲಿಲ್ಲ. ಬಿದ್ದ ಕೊಡತಿ ತಾನಾಗಿ ಮೇಲಕ್ಕೆ ಎಗರಿತು. ಗಾರೆ ಹದಕ್ಕೆ ಬಂತು ಎನ್ನಲು ಅದೇ ಸಾಕ್ಷಿ. ಆಮೇಲೆ ಮೇಲ್ಗಾರೆ ಎಳೆದು, ಹೊಳೆಯಿಂದ ನುಣುಪು ಕಲ್ಲು ತಂದು ಉಜ್ಜಿದರು. ತಾರಸಿ ಮುಖ ಕಾಣುವಷ್ಟು ಹೊಳೆಯಿತು.

ಗಾರೆ ಆರಿ ಗಟ್ಟಿಯಾದ ಮೇಲೆ ಇಂಜಿನಿಯರ್ ಬಂದರು. ಸುತ್ತ ಕಟ್ಟೆ ಕಟ್ಟಿಸಿ ನೀರು ತುಂಬಿಸಿದರು. ಮೂರು ದಿನ ನೀರು ನಿಂತಿತು. ಮೂರು ದಿನವೂ ಮುದ್ದಯ್ಯ ಊಟ ಸರಿಯಾಗಿ ಮಾಡಲಿಲ್ಲ.

ನಾಲ್ಕನೆಯ ಬೆಳಿಗ್ಗೆ ಇಂಜಿನಿಯರ್ ಛತ್ರದ ಒಳಗೆ ಕತ್ತು ಮೇಲೆತ್ತಿಕೊಂಡು ಈ ತುದಿಯಿಂದ ಆ ತುದಿಗೆ ನಡೆದರು. ಗೋಡೆ ಮುಟ್ಟಿ ನೋಡಿದರು. ಏಣಿ ತರಿಸಿ ಚಾವಣಿ ಮುಟ್ಟಿ ನೋಡಿದರು. ಇಳಿದು ಬಂದು ಬೆರಳುಗಳನ್ನು ಉಜ್ಜಿಕೊಂಡರು. ಒಣಗಿದ್ದವು.

“ಎಲ್ಲಿ ಕಲಿತ್ರಯ್ಯಾ ಇದನ್ನ?” ಎಂದು ಕೇಳಿದರು.

ನಲವತ್ತಮೂರು ಜನವೂ ಬೆನ್ನು ನೆಟ್ಟಗೆ ಮಾಡಿಕೊಂಡು ನಿಂತಿದ್ದರು. ಬೆಟ್ಟಯ್ಯ ಕಣ್ಣೊರೆಸಿಕೊಂಡು, ಸುಣ್ಣ ಬಿತ್ತು ಎಂದ.

ಮಳೆಗಾಲ ಬಂತು. ಹೋಯಿತು. ಛತ್ರ ಸೋರಲಿಲ್ಲ.

ಮಳೆ ನಿಂತ ಮೇಲೆ ಸರ್ಕಾರದಿಂದ ಇನ್ನೊಂದು ಕಾಗದ ಬಂತು. ಮುದ್ದಯ್ಯ ಅದನ್ನು ಜೇಬಿನಲ್ಲಿಟ್ಟುಕೊಂಡು ಮಂಟಪಕ್ಕೆ ಹೋದ. ಅಡ್ಡಬಿದ್ದ. ಎದ್ದು ಕೂತ. ಜೇಬು ಮುಟ್ಟಿ ನೋಡಿಕೊಂಡ.

“ಮತ್ತೆ ಜೇಬು ಭಾರವಾ?” ಎಂದರು ಗವಿಯಪ್ಪನವರು.

“ಹಳೇ ಖಜಾನೆ ಕಟ್ಟಡ ಬುದ್ಧಿ. ಅದೂ ಗಾರೆಯಲ್ಲೇ. ನಮ್ಮ ಸಂಘಕ್ಕೇ.”

“ಇನ್ನೇನಪ್ಪ?”

“ಸಣ್ಣ ತಾರಸಿ. ಹದಿನೈದು ಜನ ಕೂತ್ರೆ ತುಂಬೋಯ್ತದೆ. ನಲವತ್ತಮೂರು ಜನ ಹಿಡಿಯಲ್ಲ. ಹಳಬರು ಅಂತಾರೆ, ಇಪ್ಪತ್ತೆರಡು ವರ್ಷ ನಾವು ದುಡಿದ್ವಿ, ಮೊದಲು ನಮ್ಮದು ಅಂತ. ಹೊಸಬರು ಅಂತಾರೆ, ಇಪ್ಪತ್ತೆರಡು ವರ್ಷ ನೀವು ಉಂಡ್ರಿ, ಈಗ ನಮ್ಮದು ಅಂತ. ಇಬ್ಬರ ಮಾತೂ ಸುಳ್ಳಲ್ಲ. ಈ ಸಲ ಯಾರನ್ನ ಬರೀಲಿ?”

ಗವಿಯಪ್ಪನವರು ಕೋಲು ಹಿಡಿದು ಎದ್ದರು.

“ನಡಿ,” ಎಂದರು.

ಇಬ್ಬರೂ ಛತ್ರಕ್ಕೆ ಬಂದರು. ಏಣಿ ಹತ್ತಿದರು. ತಾರಸಿ ಬೆಳಗಿನ ಬಿಸಿಲಲ್ಲಿ ಬೆಳ್ಳಗೆ ಹೊಳೆಯುತ್ತಿತ್ತು. ಈ ಗೋಡೆಯಿಂದ ಆ ಗೋಡೆಯವರೆಗೆ ಒಂದು ಗೆರೆಯಿಲ್ಲ, ಒಂದು ಬಿರುಕಿಲ್ಲ. ಮುದ್ದಯ್ಯನ ಎದೆ ತುಂಬಿ ಬಂತು. ನಮ್ಮದು, ಎಂದುಕೊಂಡ. ಮೊದಲಾಗಿದ್ದರೆ ನನ್ನದು ಎಂದುಕೊಳ್ಳುತ್ತಿದ್ದ.

“ಹಳಬರು ಬಡಿದಿದ್ದು ಯಾವ ಜಾಗ?” ಎಂದು ಗವಿಯಪ್ಪನವರು ಕೇಳಿದರು. “ತೋರಿಸು.”

ಮುದ್ದಯ್ಯ ಚಪ್ಪಲಿ ಬಿಟ್ಟು ನಡೆದ. ಕುಕ್ಕರುಗಾಲಲ್ಲಿ ಕೂತು ಅಂಗೈಯಿಂದ ಸವರಿ ನೋಡಿದ. ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟ. ಇನ್ನೊಂದು ಕಡೆ ಹೋಗಿ ತಟ್ಟಿದ. ಮೂಲೆಗೆ ಹೋಗಿ ತಟ್ಟಿದ. ಸುಣ್ಣ ಎಷ್ಟು ದಿನ ನೆನೆದದ್ದು ಎಂದು ಹೇಳಬಲ್ಲವನು ಆ ಇಡೀ ತಾರಸಿಯನ್ನು ಕೈಯಿಂದ ಓದಿದ.

ಕೊನೆಗೆ ಎದ್ದು ನಿಂತ. ಅವನ ಮುಖದ ತುಂಬ ನಗು ಇತ್ತು.

“ಗೊತ್ತಾಗಲ್ಲ ಬುದ್ಧಿ. ನನಗೇ ಗೊತ್ತಾಗ್ತಿಲ್ಲ. ಎಲ್ಲಾ ಒಂದೇ ಸದ್ದು.”

ಗವಿಯಪ್ಪನವರು ಏಣಿಯ ಕಡೆ ತಿರುಗಿದರು.

“ಹಾಗಿದ್ರೆ ಹೆಸರೂ ರಾಶಿ ಹಾಕಿ, ಮುಖ ತಿರುಗಿಸಿ ತೆಗಿ.”